ನಾಲ್ಕು ಹೊಳೆ ದಾಟಿದರೆ ಪರದೇಶ

ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಭಟ್ಕಳದ ನಮ್ಮ ಮನೆಯಿಂದ ಉತ್ತರಕ್ಕೆ ಹೊರಟು ಈ ನಾಲ್ಕು ಹೊಳೆ ದಾಟಿದರೆ ಪರದೇಶ ಬರುತ್ತಿತ್ತು. ಸುಳ್ಳಲ್ಲ! ವಿಮಾನ ಬೇಡ, ಹಡಗು ಬೇಡ. ಬಸ್ಸು, ಲಾಂಚು, ಮತ್ತೆ ಬಸ್ಸು, ಮತ್ತೆ ಲಾಂಚು, ಅಷ್ಟೇ. ಇಲ್ಲಿ ಗಂಜಿ ಉಂಡು ಹೊರಟವರು ಮಾರನೆಯ ದಿನ ಬೇರೊಂದು ಬಾವುಟದ ಕೆಳಗೆ ಗಂಜಿ ಉಣ್ಣಬಹುದಿತ್ತು. ಗೋವೆ ಎಂಬ ಆ ದೇಶ ಎಷ್ಟು ಸಣ್ಣದೆಂದರೆ, ನಮ್ಮ ಶಾಲೆಯ ಭೂಪಟದಲ್ಲಿ ಅದರ ಹೆಸರು ಬರೆಯಲು ನೆಲದ ಮೇಲೆ ಜಾಗ ಸಾಲದೆ ಸಮುದ್ರದಲ್ಲಿ ಬರೆದಿದ್ದರು. ಅಷ್ಟು ಸಣ್ಣ ದೇಶಕ್ಕೆ ಹೋಗುವುದು ಕ್ಷೇಮವೋ ಅಲ್ಲವೋ ಎಂದು ತಿಳಿಯಲು ನಮ್ಮ ಮನೆಯಲ್ಲಿ ಒಂದು ತಿಂಗಳಿಗೂ ಮೇಲೆ ಚರ್ಚೆ ನಡೆಯಿತು. ಈಗ ನೆನೆದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ನಮ್ಮದು ಕೊಂಕಣಿ ಮಾತಿನ ಮನೆ. ಭಟ್ಕಳದ ಪೇಟೆಯಲ್ಲಿ ಅಪ್ಪನಿಗೆ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ. ಒಳಗೆ ಕೊಂಕಣಿ, ಜಗಲಿಯಲ್ಲಿ ಕನ್ನಡ, ನೆರೆಮನೆಯ ನವಾಯತ ಮುಸಲ್ಮಾನ ಸಾಹೇಬರ ಜೊತೆ ಎಲ್ಲ ಕಲಸಿದ ಒಂದು ಮಾತು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಬಯ್ಯುವಾಗಲೆಲ್ಲ ಕನ್ನಡದಲ್ಲೇ ಬಯ್ಯುತ್ತಿದ್ದಳು. ಹಾಗಾಗಿ ನನ್ನ ಅರ್ಧ ಕೆಲಸ ಆಗಲೇ ಆದಂತೆ.

ಗಡಿ ಮುಚ್ಚುವವರೆಗೆ ಗೋವೆ ನಮಗೆ ಪರದೇಶ ಅನ್ನಿಸಿರಲೇ ಇಲ್ಲ. ನಮ್ಮ ಕುಲದೇವರು ಅಲ್ಲಿ. ಅಲ್ಲಿನ ಹೆಣ್ಣುಗಳು ಇಲ್ಲಿಗೆ, ಇಲ್ಲಿನ ಹೆಣ್ಣುಗಳು ಅಲ್ಲಿಗೆ. ಅಪ್ಪನ ಅಕ್ಕನನ್ನು, ನನ್ನ ಅತ್ತೆಯನ್ನು, ಗಡಿ ದಾಟಿ ಎರಡು ಹರದಾರಿ ಒಳಗಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಬೇಸಿಗೆಗೊಮ್ಮೆ ಬರುತ್ತಿದ್ದಳು, ಗೋವೆಯ ಸಾಬೂನಿನ ಪರಿಮಳ ಹೊತ್ತು. ನನಗೆ ಹತ್ತು ವರ್ಷವಾದಾಗ ಗಡಿ ಮುಚ್ಚಿತು. ಹೋಗುವುದಿಲ್ಲ, ಬರುವುದಿಲ್ಲ. ಕಾಗದಗಳು ಎಲ್ಲೆಲ್ಲೋ ಸುತ್ತಿ, ಯಾರ್ಯಾರದೋ ಕೈಯಲ್ಲಿ ದಾಟಿ, ವರ್ಷಕ್ಕೊಂದು ಸಿಕ್ಕಿದರೆ ದೊಡ್ಡದು. ಹಾಗೆ ಆರು ವರ್ಷ ದಾಟಿ ಏಳನೆಯದು ನಡೆಯುತ್ತಿತ್ತು.

ಅಷ್ಟರಲ್ಲಿ ಅಜ್ಜಿಯ ಬಲಗಣ್ಣು ಹೋಯಿತು. ಎಡಗಣ್ಣು ಮಂಜಾಗುತ್ತಾ ಬಂತು. ಹೊನ್ನಾವರದ ವೈದ್ಯರೊಬ್ಬರು ನೋಡಿ, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಸೋತದ್ದು, ಇರುವಷ್ಟು ದಿನ ಇರುತ್ತದೆ ಎಂದು ಹೇಳಿ ಕಳಿಸಿದರು. ಅಜ್ಜಿ ಅಳಲಿಲ್ಲ, ಕರೆಯಲಿಲ್ಲ. ಮನೆಗೆ ಬಂದವಳೇ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು:

“ಕೇಳು. ಈ ಕಣ್ಣು ನಂದೂದ್ರೊಳಗೆ ಮಗಳ ಮುಖ ಒಂದ್ಸಲ ನೋಡ್ಬೇಕು. ಆಮೇಲೆ ಎಂತ ಕಾಣದಿದ್ರೂ ಅಡ್ಡಿಲ್ಲ.”

“ಗಡಿ ಮುಚ್ಚಿದ್ರು ಆಯಿ. ನಾ ಎಂತ ಮಾಡ್ಲಿ?” ಎಂದ ಅಪ್ಪ.

“ಗಡಿ ಮುಚ್ಚಿದ್ರೆ ತೆಗೀತ್ರು. ಕಣ್ಣು ಮುಚ್ಚಿದ್ರೆ ತೆಗೂಕಾಗ್ತದ್ಯಾ?”

ಅಪ್ಪ ಅಂಗಡಿಯ ಬೀಗದ ಕೈ ಹುಡುಕಿಕೊಂಡು ಎದ್ದ. ತಪ್ಪಿಸಿಕೊಳ್ಳುವುದರಲ್ಲಿ ಅಪ್ಪ ನಿಸ್ಸೀಮ. ಇಷ್ಟು ಅಂಜುಬುರುಕ ಮನುಷ್ಯನನ್ನು ನಾನು ಆಮೇಲೂ ಕಂಡಿಲ್ಲ. ಖಾಲಿ ರಸ್ತೆ ದಾಟುವಾಗಲೂ ಎರಡೂ ಕಡೆ ನೋಡಿ, ಒಮ್ಮೆ ಮೇಲೆಯೂ ನೋಡುತ್ತಿದ್ದ.

ಅರವತ್ತೊಂದರ ಡಿಸೆಂಬರ್! ಆ ದಿನವನ್ನು ಹೇಗೆ ಹೇಳಲಿ? ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದು ನೆರೆಯ ಸಾಹೇಬರ ಮನೆಯಲ್ಲಿ ಮಾತ್ರ. ಬಟ್ಟೆ ವ್ಯಾಪಾರಕ್ಕೆಂದು ಮುಂಬಯಿ, ಮದ್ರಾಸು ಸುತ್ತಿ ಬಂದವರು ಅವರು. ರೇಡಿಯೋವನ್ನು ಜಗಲಿಗೆ ತಂದಿಟ್ಟು ಗುಂಡಿ ತಿರುವುತ್ತಿದ್ದರು. ಬೀದಿಯ ಗಂಡಸರೆಲ್ಲ ಅಲ್ಲಿ. ಮ್ಯಾಟ್ರಿಕ್ ಮುಗಿಸಿದ ದೊಡ್ಡ ಹುಡುಗಿ ಗಂಡಸರ ನಡುವೆ ನಿಲ್ಲಬಾರದೆಂದು ನನ್ನನ್ನು ನಮ್ಮ ಕಿಟಕಿಯ ಹಿಂದೆ ನಿಲ್ಲಿಸಿದ್ದರು. ಕರಕರ ಸದ್ದಿನ ನಡುವೆ ಸುದ್ದಿ ಬಂತು: ನಮ್ಮ ಸೈನ್ಯ ಪಣಜಿಯಲ್ಲಿದೆ, ಗೋವೆ ನಮ್ಮದಾಯಿತು. ಯಾರೋ ಜೈಕಾರ ಹಾಕಿದರು, ಯಾರೋ ಪಟಾಕಿ ಹಚ್ಚಿದರು, ಸಾಹೇಬರ ಮನೆಯಿಂದ ಹಲ್ವದ ತಟ್ಟೆ ಬಂತು. ನಾನು ಕಿಟಕಿ ಬಿಟ್ಟು ಒಳಗೆ ಓಡಿದೆ. ಓಡಿದ ರಭಸಕ್ಕೆ ಹೊಸ್ತಿಲು ಎಡವಿ ಹೆಬ್ಬೆರಳು ಕಿತ್ತುಹೋಯಿತು. ಅದರ ಪರಿವೆಯೇ ಇರಲಿಲ್ಲ.

“ಅಜ್ಜೀ! ಗಡಿ ತೆಗೆದ್ರು! ಹೊರಡು ಹೊರಡು!”

ಅಜ್ಜಿ ಎರಡೂ ಕೈ ಎತ್ತಿ ಕುಲದೇವರಿಗೆ ಮುಗಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಕೂತಲ್ಲಿಂದ ಅರ್ಧ ಎದ್ದೂಬಿಟ್ಟಳು. ಆಮೇಲೆ ಅಲ್ಲೇ ತಡೆದು ನಿಂತು ನನ್ನನ್ನು ಕೇಳಿದಳು:

“ತಂಗೀ, ಧನುರ್ಮಾಸ ಹಿಡಿದಾಯ್ತಲ್ದಾ?”

ಹಿಡಿದು ಮೂರೋ ನಾಲ್ಕೋ ದಿನವಾಗಿತ್ತು. ಅಜ್ಜಿ ಮತ್ತೆ ಕೂತಳು.

“ಹಂಗಾದ್ರೆ ಸಂಕ್ರಾಂತಿ ಕಳೀಲಿ. ಶೂನ್ಯಮಾಸದಲ್ಲಿ ಹೊಸ್ಲು ದಾಟೂದಲ್ಲ.”

ಅಯ್ಯೋ ನನ್ನ ಕರ್ಮವೇ! ಫಿರಂಗಿ, ತೋಪು, ವಿಮಾನ, ದೊಡ್ಡ ಸೈನ್ಯ, ಇವೆಲ್ಲ ಸೇರಿ ಎರಡು ದಿನದಲ್ಲಿ ತೆಗೆದ ಗಡಿಯನ್ನು ನಮ್ಮ ಅಜ್ಜಿ ಕೂತಲ್ಲೇ ಮತ್ತೆ ಮುಚ್ಚಿಬಿಟ್ಟಳು. ನಾನು ಕುಣಿದೆ, ಕೂಗಿದೆ, “ಕಣ್ಣು ಕಾಯ್ತದ್ಯಾ ನಿನ್ನ ಪಂಚಾಂಗಕ್ಕೆ?” ಎಂದೂ ಕೇಳಿದೆ. “ಆರು ವರ್ಷ ಕಾದ ಕಣ್ಣು ಒಂದು ತಿಂಗಳು ಕಾಯ್ತದೆ. ಮಗಳ ಮನೆಗೆ ಕೆಟ್ಟ ಕಾಲ ಹೊತ್ಕಂಡು ಹೋಗೂದಲ್ಲ. ಸುಮ್ನಿರೆ” ಅಂದಳು. ನನಗೆ ಊಟ ಸೇರಲಿಲ್ಲ. ಸತ್ಯ ಹೇಳಬೇಕೆಂದರೆ ನನ್ನ ಅವಸರ ಬರೀ ಅಜ್ಜಿಗಾಗಿ ಅಲ್ಲ. ನಾನು ಹೊನ್ನಾವರ ದಾಟಿ ಆಚೆ ಹೋದವಳೇ ಅಲ್ಲ. ಪರದೇಶ ಇನ್ನೂ ಸ್ವಲ್ಪ ಪರದೇಶವಾಗಿ ಉಳಿದಿರುವಾಗಲೇ ಅದನ್ನು ನೋಡಿಬಿಡಬೇಕೆಂದು ನನ್ನ ಆಸೆ.

ಆ ಒಂದು ತಿಂಗಳು ನಮ್ಮ ಜಗಲಿ ಕಚೇರಿಯಾಯಿತು. ಗೋವೆಯ ಕಡೆಯಿಂದ ಯಾರೇ ಬಂದರೂ, ಬಂದವರನ್ನು ಕಂಡವರು ಬಂದರೂ, ಅಜ್ಜಿ ಕರೆಸಿ ಕೂರಿಸುತ್ತಿದ್ದಳು. ನಾನು ಗುಮಾಸ್ತೆ. ಒಂದು ದಿನ ತಡವಾಗಿ ಬರುವ ಹುಬ್ಬಳ್ಳಿಯ ಪೇಪರನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಸೋತು ಹೋಗುವಾಗ ಬಿಳಿ ಸೋಜರರು, ಅಂದರೆ ಆಚೆಯ ಸಿಪಾಯಿಗಳು, ಸಂಕಗಳನ್ನು, ಸೇತುವೆಗಳನ್ನು, ಉಡಾಯಿಸಿ ಹೋಗಿದ್ದಾರೆ ಎಂದು ಒಂದು ದಿನ ಬಂತು. ರಸ್ತೆಯ ಬದಿಯಲ್ಲಿ ಬಾಂಬು ಹುಗಿದಿದ್ದಾರೆ, ನಮ್ಮವರು ಒಂದೊಂದಾಗಿ ಕೀಳುತ್ತಿದ್ದಾರೆ ಎಂದು ಇನ್ನೊಂದು ದಿನ. ಪೇಪರಿನಲ್ಲಿ ಇಲ್ಲದ್ದು ಪೇಟೆಯಲ್ಲಿ ಸಿಗುತ್ತಿತ್ತು. ಕಾಡಿನಲ್ಲಿ ಸೋಜರರು ಅಡಗಿದ್ದಾರಂತೆ, ಬಾವಿಗೆ ವಿಷ ಹಾಕಿದ್ದಾರಂತೆ. ಅಪ್ಪ ಇದನ್ನೆಲ್ಲ ಅಂಗಡಿಯಿಂದ ಹೊತ್ತು ತಂದು ಊಟದ ಹೊತ್ತಿಗೆ ಬಡಿಸುತ್ತಿದ್ದ.

“ಬಾಂಬು ಮಣ್ಣಿನೊಳಗೆ ಇರ್ತದೆ ಆಯಿ, ಕಾಣೂದಿಲ್ಲ. ಕಾಲಿಟ್ಟ ಮೇಲೇ ಗೊತ್ತಾಗೂದು. ನಿನ್ನ ಕಣ್ಣು ಬೇರೆ ಹೀಂಗೆ.”

“ಕಾಣದಿದ್ದ ಬಾಂಬಿಗೆ ನಿನ್ನ ಕಣ್ಣೂ ಒಂದೇ, ನನ್ನ ಕಣ್ಣೂ ಒಂದೇ. ಅನ್ನ ಉಣ್ಣು” ಎಂದಳು ಅಜ್ಜಿ.

ಸುದ್ದಿ ನಿಜವೋ ಸುಳ್ಳೋ ಎಂದು ಅಳೆಯಲು ಅಜ್ಜಿಯ ಹತ್ತಿರ ಒಂದೇ ಅಳತೆ. ಬಂದವರು ಸಂಕ, ಸೈನ್ಯ, ಕರ್ಫ್ಯೂ ಎಂದು ಎಷ್ಟೇ ಬಣ್ಣಿಸಲಿ, ಕೊನೆಗೆ ಅವಳು ಕೇಳುತ್ತಿದ್ದದ್ದು ಇದನ್ನೇ: “ಅದೆಲ್ಲ ಆತು. ಹೆಂಗಸ್ರು ಮೀನು ಬುಟ್ಟಿ, ಸೊಪ್ಪಿನ ಬುಟ್ಟಿ ಹೊತ್ಕಂಡು ಪೇಟೆಗೆ ಬರ್ತ್ರಾ? ಒಬ್ಬೊಬ್ರೇ ಬರ್ತ್ರಾ, ಹಿಂಡಾಗಿ ಬರ್ತ್ರಾ?” ಮೊದಮೊದಲು ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗಂಡಸರು ಅದನ್ನೆಲ್ಲ ನೋಡಿರುತ್ತಾರೆಯೇ? ಜನವರಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ತಾವಾಗಿಯೇ ನಮ್ಮ ಜಗಲಿ ಹತ್ತಿದರು. ಕಾರವಾರದಿಂದ ಅವರ ಕಡೆಯವರು ಯಾರೋ ಬಂದಿದ್ದರಂತೆ.

“ಅಮ್ಮಾ, ಪಕ್ಕಾ ಖಬರ್ ತಂದಿದ್ದೇನೆ. ಹೆಂಗಸ್ರು ಬುಟ್ಟಿ ಹೊತ್ಕೊಂಡು ಬರ್ತಿದ್ದಾರಂತೆ. ಒಬ್ಬೊಬ್ರೇ. ದರಕ್ಕೆ ಜಗಳನೂ ಆಡ್ತಿದ್ದಾರಂತೆ!”

“ಜಗಳ ಆಡ್ತ್ರಾ? ಹಂಗಾದ್ರೆ ಎಂತ ಭಯ ಇಲ್ಲ” ಎಂದು ಅಜ್ಜಿ ತೀರ್ಪು ಕೊಟ್ಟಳು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಒಳಗೆ ಹೋಗಿ ನೀರು ಕುಡಿದ.

ಆದರೆ ಗಂಡಾಂತರ ನೆಲದ ಮೇಲೆ ಮುಗಿದರೆ ಆಕಾಶದಲ್ಲಿ ಹುಟ್ಟಿತು. ಅರವತ್ತೆರಡರ ಅಷ್ಟಗ್ರಹ ಕೂಟ ನೆನಪಿರುವವರಿಗೆ ನಾನು ಹೇಳಬೇಕಾಗಿಲ್ಲ. ಫೆಬ್ರವರಿಯ ಮೊದಲ ವಾರದಲ್ಲಿ ಎಂಟು ಗ್ರಹಗಳು ಒಂದೇ ಮನೆಯಲ್ಲಿ ಸೇರುತ್ತವೆ, ಪ್ರಳಯವಾಗುತ್ತದೆ ಎಂದು ಊರಿಗೆ ಊರೇ ನಡುಗುತ್ತಿತ್ತು. ಹೋಮಗಳೇನು, ಭಜನೆಗಳೇನು! ಅಪ್ಪನಿಗೆ ಹೊಸ ನೆಪ ಸಿಕ್ಕಿತು.

“ಪ್ರಪಂಚ ಮುಳುಗೂ ಹೊತ್ತಿಗೆ ಮನೆಯಲ್ಲಿ ಇರೂದು ಒಳ್ಳೇದಲ್ದಾ ಆಯಿ?”

“ಮುಳುಗೂದ್ರೊಳಗೇ ಮಗಳ ಮುಖ ನೋಡೂಕೆ ಹೊರಟದ್ದು ನಾನು!”

ಪುರೋಹಿತರು ಬಂದರು. ಸಂಕ್ರಾಂತಿ ಕಳೆಯಬೇಕು, ಗ್ರಹಗಳು ಕೂಡುವುದಕ್ಕೆ ಮುಂಚೆ ಆಗಬೇಕು, ತಿಥಿ ನಕ್ಷತ್ರ ಹೊಂದಬೇಕು. ಬೆರಳು ಮಡಿಸಿ, ಬೆರಳು ಬಿಡಿಸಿ, ಕೊನೆಗೆ ಒಂದೇ ಒಂದು ದಿನ ಉಳಿಯಿತು: ಹುಣ್ಣಿಮೆ ಕಳೆದ ಸೋಮವಾರ. ತಪ್ಪಿದರೆ ಮರುದಿನ ಮಂಗಳವಾರ ಉತ್ತರಕ್ಕೆ ಶೂಲ, ಬುಧವಾರವೂ ಶೂಲ, ಆ ದಿಕ್ಕಿಗೆ ಹೊರಡುವಂತೆಯೇ ಇಲ್ಲ. ಆಮೇಲೆ ಒಳ್ಳೆಯ ದಿನವೇ ಇಲ್ಲ. ಅಜ್ಜಿ ನನ್ನ ಕೈಯಲ್ಲಿ ಅತ್ತೆಗೆ ಕಾಗದ ಬರೆಸಿದಳು. ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು, ಸದ್ಯದಲ್ಲಿ ಭೇಟಿಯಾದೀತು. ನಾನು “ಸೋಮವಾರ ಹೊರಡುತ್ತೇವೆ” ಎಂದು ಸೇರಿಸಲು ಹೋದರೆ ನನ್ನ ಕೈಯನ್ನೇ ಹಿಡಿದಳು.

“ಏ ಏ! ಹೊರಡೂ ದಿನ ಬಾಯಿಬಿಟ್ಟು ಹೇಳೂದಲ್ಲ, ಬರೆಯೂದೂ ಅಲ್ಲ. ದೃಷ್ಟಿ ಆಗ್ತದೆ.”

ಇದು ನಮ್ಮ ಮನೆಯ ಹಳೆಯ ಕ್ರಮ. ಪ್ರಯಾಣದ ದಿನ ಮನೆಯವರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯಬಾರದು. ಹೋಗಿ ಬಾಗಿಲಲ್ಲಿ ನಿಂತಾಗಲೇ ಗೊತ್ತಾಗಬೇಕು. ನಾನು ಹಲ್ಲು ಕಚ್ಚಿ ಕಾಗದ ಮಡಚಿದೆ.

ಸೋಮವಾರ ಬೆಳಗಾಯಿತು. ನಾನು ಮೂರು ಗಂಟೆಗೇ ಎದ್ದು ಕೂತಿದ್ದೆ. ಮನೆ ನೋಡಿಕೊಳ್ಳಲು ಅಮ್ಮ ಉಳಿದಳು. ಹೊರಟವರು ನಾವು ಮೂವರು: ಅಜ್ಜಿ, ಅಪ್ಪ, ನಾನು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹಪ್ಪಳದ ಡಬ್ಬ, ಉಪ್ಪುನೀರಿನ ಮಾವಿನಕಾಯಿಯ ಭರಣಿ. ಬಾಳೆಯೆಲೆಯಲ್ಲಿ ಕಟ್ಟಿದ ನಮ್ಮೂರ ಮಲ್ಲಿಗೆ. ಭರಣಿಯನ್ನು ಅಪ್ಪ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತ. ನಾನು ಕಿಟಕಿಯಿಂದ ಅರ್ಧ ಹೊರಗೆ. ಶಿರಾಲಿ ಹೋಯಿತು, ಮುರುಡೇಶ್ವರದ ತಿರುವು ಹೋಯಿತು, ಮಂಕಿ ಹೋಯಿತು, ಕಾಸರಕೋಡ ಬಂತು. ಅಲ್ಲಿ ರಸ್ತೆ ಮುಗಿದು ಶರಾವತಿ. ಸಮುದ್ರ ಸೇರುವ ಜಾಗದಲ್ಲಿ ಆ ಹೊಳೆ ಎಷ್ಟು ಅಗಲ ಎಂದರೆ ಆಚೆ ದಡದ ಹೊನ್ನಾವರದ ಮನೆಗಳು ಬೆಂಕಿಪೆಟ್ಟಿಗೆಯಷ್ಟು. ಲಾಂಚು ಹತ್ತಿದೆವು. ಅಪ್ಪ ಹತ್ತುವ ಮೊದಲು ತಾಂಡೇಲನನ್ನು, ಅಂದರೆ ಲಾಂಚು ನಡೆಸುವವನನ್ನು, “ಗಟ್ಟಿ ಅದೆಯಲ್ರಾ ಇದು?” ಎಂದು ಕೇಳಿದ. “ನಿಮ್ಮ ಅಪ್ಪನ ಕಾಲದಿಂದ ಮುಳುಗ್ಲಿಲ್ಲ” ಎಂದ ಅವನು. ಗಾಳಿಗೆ ನನ್ನ ಜಡೆ ಬಿಚ್ಚಿಹೋಯಿತು. ಹೊಳೆಯ ಮಧ್ಯ ನನಗೆ ಹಾಡಬೇಕೆನ್ನಿಸಿತು, ಹಾಡಿಯೂ ಬಿಟ್ಟೆ. ಅಜ್ಜಿ ಬಯ್ಯಲಿಲ್ಲ.

ಹೊನ್ನಾವರದಲ್ಲಿ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಕುಮಟಾ. ಅಲ್ಲೇ ನಮ್ಮ ಪರದೇಶ ಪ್ರಯಾಣ ಮುಗಿಯಿತು!

ಬಸ್ ನಿಲ್ದಾಣದಲ್ಲಿ ಕಾರವಾರದ ಬಸ್ಸು ವಿಚಾರಿಸುವಾಗ ಯಾರೋ, “ಗೋವೆಗಾ? ಪರವಾನಗಿ ಚೀಟಿ ಅದೆಯಾ?” ಎಂದರು. ಅಪ್ಪ ನಮ್ಮ ಕಡೆ ನೋಡಿದ, ನಾವು ಅಪ್ಪನ ಕಡೆ ನೋಡಿದೆವು. ಒಂದು ತಿಂಗಳು ಬಾಂಬು, ಸಂಕ, ಗ್ರಹ, ಬುಟ್ಟಿ ಎಲ್ಲ ವಿಚಾರಿಸಿದ ನಾವು ಈ ಒಂದನ್ನು ಯಾರನ್ನೂ ಕೇಳಿರಲಿಲ್ಲ. ನಮ್ಮದೇ ಆದ ಊರಿಗೆ ಚೀಟಿ ಯಾಕೆ ಎಂದು ನಾನು ಹಾರಾಡಿದೆ. ಅಪ್ಪ ಕಚೇರಿಗೆ ಹೋದ. ಹಿಂದಿರುಗಿ ಬಂದಾಗ ಮುಖದಲ್ಲಿ ದುಃಖ ಮತ್ತು ನೆಮ್ಮದಿ ಎರಡೂ ಒಟ್ಟಿಗೆ ಕೂತಿದ್ದವು. ಅರ್ಜಿ ಕೊಡಬೇಕು, ಜಾಮೀನು ಬೇಕು, ನಮ್ಮೂರಿನಿಂದ ಕಾಗದ ತರಬೇಕು, ಎಂಟು ಹತ್ತು ದಿನವಾಗುತ್ತದೆ. ಮಿಲಿಟರಿಯವರದೇ ಆಡಳಿತವಂತೆ, ಚೀಟಿಯಿಲ್ಲದೆ ಬಿಡುವುದಿಲ್ಲವಂತೆ.

“ಅಲ್ಲಿಂದ ಬರೂರಿಗೂ ಬೇಕಾ ಚೀಟಿ?” ಎಂದು ನಾನು ಕೇಳಿದೆ.

“ಅದನ್ನು ಕೇಳ್ಲಿಲ್ಲ” ಎಂದ ಅಪ್ಪ.

ಅಜ್ಜಿ ಟ್ರಂಕಿನ ಮೇಲೆ ಕೂತಿದ್ದಳು. ಎಂಟು ದಿನ ಕಳೆದರೆ ಗ್ರಹಗಳ ವಾರ, ಆಮೇಲೆ ಯಾರು ಉಳಿಯುತ್ತಾರೋ ಯಾರಿಗೆ ಗೊತ್ತು. ಅವಳು ಬಯ್ಯಬೇಕಿತ್ತು, ಬಯ್ಯಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ, “ಆತು. ಮನೆಗೆ ಹೋಗ್ವ” ಎಂದಳು. ಅಷ್ಟು ಮೆತ್ತಗಿನ ಅಜ್ಜಿಯನ್ನು ನಾನು ಕಂಡೇ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಆ ರಾತ್ರಿ ಕುಮಟೆಯ ನೆಂಟರ ಮನೆಯಲ್ಲಿ ಕಳೆದು ಮಂಗಳವಾರ ಬೆಳಿಗ್ಗೆ ತಿರುಗಿ ಹೊರಟೆವು.

ಇನ್ನು ಮುಂದಿನದನ್ನು ಹೇಳುವ ಮೊದಲು ನಮಗೆ ಆಗ ಗೊತ್ತಿಲ್ಲದ, ಆಮೇಲೆ ಗೊತ್ತಾದ ಒಂದು ವಿಷಯ ಹೇಳಿಬಿಡುತ್ತೇನೆ. ಅತ್ತೆ ಯಾರ ಮಗಳು? ಅಜ್ಜಿಯ ಮಗಳು. ಗಡಿ ತೆಗೆದ ದಿನ ಅವಳೂ ಹೊಸ್ತಿಲ ತನಕ ಓಡಿ ಬಂದು, ಧನುರ್ಮಾಸವೆಂದು ನಿಂತಳಂತೆ. ಅವಳೂ ಸಂಕ್ರಾಂತಿಗೆ ಕಾದಳು. ಅವಳಿಗೂ ಅಷ್ಟಗ್ರಹಗಳ ಭಯ. ಅಲ್ಲಿನ ಪುರೋಹಿತರು ಬೇರೆಯಾದರೇನು, ಆಕಾಶ ಒಂದೇ ತಾನೆ? ಬೆರಳು ಮಡಿಸಿ ಬಿಡಿಸಿ ಅವರೂ ಅದೇ ಸೋಮವಾರವನ್ನೇ ಹೇಳಿದರಂತೆ. ಅವಳೂ ದಿನ ಬರೆದು ತಿಳಿಸಲಿಲ್ಲ, ದೃಷ್ಟಿಯಾಗಬಾರದಲ್ಲ! ಸೋಮವಾರ ಬೆಳಗಿನ ಜಾವ ಹೊರಟು, ಆಚೆಯಿಂದ ಬರುವವರಿಗೆ ಚೀಟಿ ಕೇಳುತ್ತಿರಲಿಲ್ಲವಾದ್ದರಿಂದ ಸಲೀಸಾಗಿ ಗಡಿ ದಾಟಿ, ನಾಲ್ಕು ಹೊಳೆ ದಾಟಿ, ಸಂಜೆ ಮಬ್ಬುಗತ್ತಲಾಗುವಾಗ ಭಟ್ಕಳದ ನಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ನಾವು ಕುಮಟೆಯ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಕೂತಿದ್ದಾಗ ಎಲ್ಲೋ ನಮ್ಮ ಬೆನ್ನ ಹಿಂದೆಯೇ ಹಾದುಹೋಗಿರಬೇಕು. ಅಮ್ಮ ಬಾಗಿಲು ತೆಗೆದು ಕಿರುಚಿದಳಂತೆ. ಆಯಿ ಗೋವೆಗೆ ಹೋದಳು ಎಂದು ಕೇಳಿ ಅತ್ತೆ ನೆಲಕ್ಕೆ ಕುಸಿದಳಂತೆ. ಕಣ್ಣು ಕಾಣದ ಮುದುಕಿ ಅಲ್ಲಿ ಬೀಗ ಹಾಕಿದ ಮನೆಯ ಮುಂದೆ ನಿಲ್ಲುತ್ತಾಳಲ್ಲ ಎಂದು ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸು ಹೊರಟಳಂತೆ. ಮಂಗಳವಾರ ಉತ್ತರಕ್ಕೆ ಶೂಲ ಎಂದು ಅಮ್ಮ ನೆನಪಿಸಿದರೆ, “ಶೂಲ ಚುಚ್ಚಿದ್ರೆ ಚುಚ್ಲಿ” ಅಂದಳಂತೆ.

ನಾವು ಹೊನ್ನಾವರದ ದಕ್ಕೆಯಲ್ಲಿ ಲಾಂಚು ಹತ್ತಿದಾಗ ಹತ್ತೂವರೆ ಹನ್ನೊಂದು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅಜ್ಜಿ ನಡುವಿನ ಹಲಗೆಯ ಮೇಲೆ, ಅಪ್ಪ ಭರಣಿ ಹಿಡಿದು ಪಕ್ಕದಲ್ಲಿ, ನಾನು ಮೂತಿ ಉಬ್ಬಿಸಿಕೊಂಡು ಅಂಚಿನಲ್ಲಿ. ಹೊಳೆಯ ಮಧ್ಯಕ್ಕೆ ಬಂದಾಗ ಕಾಸರಕೋಡದ ಕಡೆಯಿಂದ ಇನ್ನೊಂದು ಲಾಂಚು ಎದುರಿಗೆ ಬಂತು. ಎರಡೂ ಪಕ್ಕಪಕ್ಕ ಹಾದುಹೋಗುವುದರಲ್ಲಿದ್ದವು.

ಅಪ್ಪನ ಕೈಯಿಂದ ಭರಣಿ ಬಿತ್ತು. ಒಡೆದು ಉಪ್ಪುನೀರು ಎಲ್ಲರ ಕಾಲ ಮೇಲೆ ಹರಿಯಿತು.

“ಅಕ್ಕಾ!”

ಅದು ಅಪ್ಪನ ಧ್ವನಿ ಎಂದು ನನಗೆ ತಿಳಿಯಲೇ ಇಲ್ಲ. ಜನ್ಮದಲ್ಲಿ ಅಪ್ಪ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಕೇಳಿರಲಿಲ್ಲ. ಎದುರು ಲಾಂಚಿನಲ್ಲಿ ಒಬ್ಬ ಹೆಂಗಸು ಧಡಕ್ಕನೆ ಎದ್ದು ನಿಂತಳು. “ಆಯೀ! ಆಯೀ!” ಎಂದು ಎರಡೂ ಕೈ ಬೀಸಿದಳು. ಅಷ್ಟರಲ್ಲಿ ಎರಡು ಲಾಂಚುಗಳೂ ಒಂದನ್ನೊಂದು ದಾಟಿ ದೂರವಾಗತೊಡಗಿದವು. ಅಯ್ಯೋ, ನಾವು ಆ ದಡ, ಅವಳು ಈ ದಡ! “ನಿಲ್ಸ್ರಾ! ನಿಲ್ಸ್ರೋ ಮಾರಾಯ್ರಾ!” ಎಂದು ನಾನು ಅರಚಿದೆ. ಅಜ್ಜಿ ಎದ್ದು ನಿಂತೇಬಿಟ್ಟಿದ್ದಳು, ಅಪ್ಪ ಅವಳ ಸೊಂಟ ಹಿಡಿದಿದ್ದ. ಪ್ರಯಾಣಿಕರೆಲ್ಲ ಏನೇನೋ ಕೂಗುತ್ತಿದ್ದರು. “ತಾಯಿ ಮಗಳಂತೆ! ಗೋವೆಯವಳಂತೆ! ತಿರುಗ್ಸಿ ತಿರುಗ್ಸಿ!”

ನಮ್ಮ ತಾಂಡೇಲ ಆಚೆಯವನಿಗೆ ಕೊಂಕಣಿಯಲ್ಲಿ ನಿಲ್ಲಿಸೆಂದು ಕೂಗಿದ. ಅವನು ಎಂಜಿನು ತಗ್ಗಿಸಿದ. ನಮ್ಮ ಲಾಂಚು ದೊಡ್ಡದೊಂದು ಸುತ್ತು ಹೊಡೆದು ಹಿಂದಕ್ಕೆ ಬಂತು. ಎರಡು ಲಾಂಚುಗಳ ಅಂಚಿಗೆ ಅಂಚು ತಾಗಿತು. ನಾಲ್ಕು ಜನ ಗಂಡಸರು ಆಚೆಯ ಹಲಗೆಯನ್ನು ಕೈಯಲ್ಲೇ ಹಿಡಿದು ನಿಂತರು. ಕೆಳಗೆ ಹಸಿರು ನೀರು ಬುಳುಬುಳು ಎನ್ನುತ್ತಿತ್ತು. “ಮುದುಕಮ್ಮ ಅಲ್ಲೇ ಇರ್ಲಿ! ಅವ್ರೇ ದಾಟ್ಲಿ!” ಎಂದ ತಾಂಡೇಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಒಂದು ಕಾಲು ಅಂಚಿನ ಮೇಲಿಟ್ಟಳು, ದಾಟಿಯೇಬಿಟ್ಟಳು! ಜನ ಹೋ ಎಂದರು. ನಾನಂತೂ ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ.

ಅತ್ತೆ ಬಂದು ಅಜ್ಜಿಯ ಎದುರಿಗೆ ನಿಂತಳು. ಒಂದು ಗೇಣು ಅಂತರ. ಏದುಸಿರಿಗೆ, ಅಳುವಿಗೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ಹಾಗೇ ಮುಖ ಮುಂದೆ ಮಾಡಿ ನಿಂತಳು. ಹನ್ನೊಂದು ಗಂಟೆಯ ಬಿಸಿಲು ನೇರ ಅವಳ ಮುಖದ ಮೇಲಿತ್ತು. ಅಜ್ಜಿ ಅವಳ ಹೆಗಲಿನಾಚೆ, ಆ ಲಾಂಚಿನ ಕಡೆಗೆ ಕತ್ತು ಚಾಚಿ ಹುಡುಕುತ್ತಿದ್ದಳು.

“ಎಲ್ಲಿ? ಎಲ್ಲಿದ್ದಾಳೆ? ಇನ್ನೂ ದಾಟ್ಲಿಲ್ವಾ ಅವಳು?”

ಅಪ್ಪ ನನ್ನನ್ನು ನೋಡಿದ. ಎಡಗಣ್ಣು ಯಾವಾಗ ನಂದಿತ್ತೋ! ಕುಮಟೆಯಲ್ಲೋ, ಸಂಕ್ರಾಂತಿಗೆ ಮುಂಚೆಯೋ? ಹೇಳಿದರೆ ಅಪ್ಪ ಕರೆದುಕೊಂಡು ಹೋಗುವುದಿಲ್ಲವೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಪಟಾಕಿ ಹಚ್ಚಿದ ದಿನವೇ ಹೊರಟಿದ್ದರೆ ಎಂದು ನೆನೆದು ನನಗೆ ಮೈಯೆಲ್ಲ ಉರಿಯಿತು. ಆ ಪಂಚಾಂಗವನ್ನು ಹರಿದು ಹೊಳೆಗೆ ಎಸೆಯಬೇಕೆನ್ನಿಸಿತು.

“ಇಲ್ಲೇ ಇದ್ದೇನೆ ಆಯಿ” ಎಂದಳು ಅತ್ತೆ.

ಅಜ್ಜಿ ಬೆಚ್ಚಿದಳು. ಒಂದು ಗಳಿಗೆ, ಅಷ್ಟೇ. ಆಮೇಲೆ ಧ್ವನಿ ಬಂದ ಕಡೆಗೆ ಸರಿಯಾಗಿ ಮುಖ ತಿರುಗಿಸಿ, ಹುಬ್ಬು ಗಂಟು ಹಾಕಿ, ಮೇಲಿಂದ ಕೆಳಗಿನವರೆಗೆ ನೋಡುವವಳ ಹಾಗೆ ನೋಡಿದಳು.

“ಕಂಡೆ, ಕಂಡೆ. ಕಾಣೂದಿಲ್ಲ ಅಂದ್ಕಂಡ್ರಾ ಎಲ್ರೂ? ನೋಡು, ಒಂಚೂರೂ ಬದ್ಲಾಗ್ಲಿಲ್ಲ ನೀನು. ಮುಖ ಹಂಗೇ ಅದೆ. ಕೂದಲೂ ಹಂಗೇ ಕಪ್ಪಗೆ ಅದೆ.”

ಅತ್ತೆಯ ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲಿರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಅಷ್ಟು ವರ್ಷದಲ್ಲಿ ಆಚೆ ದೇಶದಲ್ಲಿ ಅವಳಿಗೆ ಏನೇನಾಗಿತ್ತೋ, ಅದನ್ನೆಲ್ಲ ನಾವು ಆಮೇಲೆ ಕೇಳಿದೆವು. ಆಗ ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಹೌದು ಆಯಿ” ಎಂದಳು ಅತ್ತೆ. “ಒಂದೂ ಬೆಳ್ಳಗಾಗ್ಲಿಲ್ಲ. ನಿನ್ನ ಕಣ್ಣು ಚಲೋ ಅದೆ.”